ಬಲಗೆನ್ನೆ

ಈ ಊರಲ್ಲೂ ಡ್ರೈವರ್ ಸೀಟು ಬಲಕ್ಕೆ,
ಅದಕ್ಕೇ ಸೂರ್ಯನ ಕೈಗೆ ಸಿಗುವುದು
ನನ್ನ ಬಲಗೆನ್ನೆ.
ಟೌನ್ಸ್‌ವಿಲ್‌ನಲ್ಲಿ ಒಂಬತ್ತು ವರ್ಷ ಬಸ್ಸು ಓಡಿಸಿ
ಎಡಗಡೆ ಇನ್ನೂ ಗೋಧಿಹಿಟ್ಟು,
ಬಲಗಡೆ ಹುರಿದ ರಾಗಿ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಕೆನ್ನೆಯ ಬಂಗಿಗೆ ಬೇಕೇ ಬೇಕು.
ನನಗೇನು ಕೊರತೆ, ಗಾಡಿಗೇ ಐದು ಕನ್ನಡಿ.
ಒಂದೂ ಸುಳ್ಳು ಹೇಳುವುದಿಲ್ಲ,
ಎಡಗಡೆಯ ಉಬ್ಬುಗನ್ನಡಿ ಮಾತ್ರ
ಇದ್ದದ್ದನ್ನು ತುಸು ದೂರ ತೋರಿಸುತ್ತದೆ.

ಮಗಳು ಆರು ತಿಂಗಳ ಹೊಟ್ಟೆಯಲ್ಲಿದ್ದಾಗ ಮೂಡಿದ್ದು.
ಹೆತ್ತ ಮೇಲೆ ಹೋಗುತ್ತೆ ಬಿಡು ಅಂದಿದ್ದಳು ಅಮ್ಮ ಫೋನಿನಲ್ಲಿ,
ಜಾಯಿಕಾಯಿ ಹಾಲಲ್ಲಿ ತೇದು ಹಚ್ಚು.
ಮಗಳು ಹೋದಳು ಹೊಟ್ಟೆ ಬಿಟ್ಟು.
ಇದು ಹೋಗಲಿಲ್ಲ.
ಅವಳಿಗೀಗ ಹನ್ನೊಂದು, ಇದಕ್ಕೂ ಹೆಚ್ಚುಕಡಿಮೆ ಅಷ್ಟೇ.

ಮೊದಲ ಟ್ಯೂಬು ಬಿಳಿಯದು.
ಹಚ್ಚಿಕೊಂಡರೆ ಮುಖವೆಲ್ಲ ತಣ್ಣಗಾದ ಒಲೆಯ ಬೂದಿ.
ಎರಡನೇ ಸ್ಟಾಪಿನ ಮುದುಕಿ ಮೌರೀನ್
ಹತ್ತುತ್ತಲೇ ಕೇಳಿದಳು,
ಯಾಕಮ್ಮ, ಹುಷಾರಿಲ್ಲವಾ?

ಬಣ್ಣ ಬೆರೆಸಿದ್ದು ತಗೋ ಅಂದಳು ಚರ್ಮದ ಡಾಕ್ಟರು.
ಅದರಲ್ಲಿ ಕಬ್ಬಿಣದ ತುಕ್ಕಿದೆಯಂತೆ,
ಕಣ್ಣಿಗೆ ಕಾಣುವ ಬೆಳಕೂ ಕಲೆ ಎಬ್ಬಿಸುವುದಂತೆ,
ತುಕ್ಕು ಕಂಡರೆ ಹಿಂದೆ ಸರಿಯುವುದಂತೆ.
ನನಗೆ ನಗು ಬಂತು.
ಬಾಣಂತಿಯ ದಿಂಬಿನಡಿ ಕಬ್ಬಿಣ ಇಡಿ ಅಂದಿದ್ದಳಲ್ಲ ಅಜ್ಜಿ,
ಇಟ್ಟಿರಲಿಲ್ಲ ನಾನು.
ಹನ್ನೊಂದು ವರ್ಷ ತಡವಾಗಿ ಈಗ ಕೆನ್ನೆಗೆ.

ಅಂಗಡಿಯಲ್ಲಿದ್ದದ್ದು ಮೂರು ಬಣ್ಣ: ತಿಳಿ, ನಡು, ಗಾಢ.
ಅವರ ಗಾಢ
ನನ್ನ ಎಡಗೆನ್ನೆಗಿಂತ ತಿಳಿ.
ನಡು ಒಂದು, ಗಾಢ ಎರಡು ಕೊಂಡು
ಅಂಗೈಯಲ್ಲಿ ಕಲಸಿ ನೋಡಿದೆ, ಆಗಲಿಲ್ಲ.
ಕೊನೆಗೆ ಸೆಬು ದ್ವೀಪದ ಲೂರ್ದೆಸ್
ತನ್ನ ಅಕ್ಕನಿಂದ ತರಿಸಿಕೊಟ್ಟಳು.
ಅವಳಿಗೆ ಬಂಗು ತುಟಿಯ ಮೇಲೆ, ಚಿಗುರುಮೀಸೆಯ ಹಾಗೆ.
ಹನ್ನೆರಡನೇ ರೂಟಿನವಳು.

ಬೆಳಗಿನ ಐದೂಕಾಲು, ಡಿಪೋದ ಟ್ಯೂಬ್‌ಲೈಟು.
ತೋರುಬೆರಳು, ನಡುಬೆರಳು,
ಎರಡರ ಉದ್ದಕ್ಕೂ ಒಂದೊಂದು ಗೆರೆ.
ಅಷ್ಟೂ ಮುಖಕ್ಕೆ, ಕಿವಿಗೆ, ಕತ್ತಿಗೆ.
ಮೊದಲು ಕಡಲೆಕಾಳಿನಷ್ಟು ಸವರಿಕೊಳ್ಳುತ್ತಿದ್ದೆ,
ಅತ್ತೆಮನೆಯಲ್ಲಿ ತುಪ್ಪ ಬಡಿಸಿಕೊಂಡ ಹಾಗೆ.
ಈಗ ನಾಚಿಕೆಯಿಲ್ಲ.
ಎರಡು ಗಂಟೆಗೊಮ್ಮೆ ಟರ್ಮಿನಸ್ಸಿನಲ್ಲಿ ಮತ್ತೆ,
ಆರೇ ನಿಮಿಷ ಬಿಡುವು:
ಒಂದಕ್ಕೆ ಹೋಗಲೋ, ಟೀ ಕುಡಿಯಲೋ,
ಬಳಿದುಕೊಳ್ಳಲೋ.

ಪಕ್ಕದ ಗಾಜಿಗೆ ಬಿಸಿಲುತಡೆ ಹಾಳೆ ಹಾಕಿಸಿ ಅಂತ
ಅರ್ಜಿ ಹಾಕಿದೆ.
ಮ್ಯಾನೇಜರ್ ಕೊಟ್ಟ ಫಾರಮ್ಮಿನಲ್ಲಿ ಒಂದು ಖಾನೆ:
ಕಾಯಿಲೆಯ ಹೆಸರು.
ಪೆನ್ನು ಹಿಡಿದು ಕೂತೆ.
ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ.
ಬಂಗು ಅಂತ ಬರೆದರೆ ಇಲ್ಲಿ ಯಾರಿಗೆ ಅರ್ಥ,
ಬಂಗಿಗೂ ಭಂಗಕ್ಕೂ ಇರುವ ಒಂದು ಉಸಿರಿನ ಅಂತರ
ಯಾವ ಖಾನೆಗೆ ಹಿಡಿಸುತ್ತದೆ?
ಡಾಕ್ಟರರ ಚೀಟಿ ನೋಡಿ ಅಕ್ಷರಕ್ಕಕ್ಷರ ನಕಲು ಮಾಡಿದೆ.

ಎಂಟು ತಿಂಗಳಿಗೆ ಹಾಳೆ ಬಂತು.
ನಾಲ್ಕೇ ಬಸ್ಸಿಗೆ.
ಯಾವ ಬಸ್ಸು ಯಾರಿಗೆ ಅನ್ನುವುದು ದಿನದಿನದ ಪಟ್ಟಿ.
ನನ್ನ ಹೆಸರಿಗೆ ಮೂವತ್ನಾಲ್ಕು, ಬರೀ ಗಾಜಿನದು.
ಹಾಳೆಯ ನೆರಳಲ್ಲಿ ಹೋದವನು ಹೊಸ ಹುಡುಗ ಜ್ಯಾರಡ್,
ಮೂಗಿನ ತುದಿ ಸುಲಿದ ಕೆಂಪು ಮೂಲಂಗಿ,
ತನಗೆ ಸಿಕ್ಕಿದ್ದೇನು ಅಂತ ತಿಳಿಯದವನು.
ಹೇಳೋಣ ಅಂದುಕೊಂಡೆ.
ಅವನ ಮೂಗು ನೋಡಿ ಸುಮ್ಮನಾದೆ,
ಅವನಿಗೂ ಬೇಕಿತ್ತು.

ಮಗಳ ಶಾಲೆಯಲ್ಲಿ ಟೋಪಿಯಿಲ್ಲದಿದ್ದರೆ ಆಟವಿಲ್ಲ.
ನಿನ್ನೆ ಬಾಗಿಲಲ್ಲೇ ನಿಂತು ಎರಡು ಬೆರಳುದ್ದ ಹಿಂಡಿಕೊಂಡಳು,
ಅವಳದು ಬಿಳಿಯದು, ಸ್ಕೂಲಿನ ಡಬ್ಬಿಯದು.
ಹೆಚ್ಚಾಯ್ತು ಅಂತ ಉಳಿದದ್ದನ್ನು
ನನ್ನ ಬಲಗೆನ್ನೆಗೆ ಒರೆಸಿ
ಓಡಿಯೇಬಿಟ್ಟಳು.

ಒರೆಸಿಕೊಳ್ಳಲಿಲ್ಲ.
ಎರಡನೇ ಸ್ಟಾಪಿನಲ್ಲಿ ಮೌರೀನ್ ಹತ್ತಿದಳು,
ಕಾರ್ಡು ತಾಗಿಸಿ ನನ್ನನ್ನೇ ದಿಟ್ಟಿಸಿದಳು.
ಹುಷಾರಿಲ್ಲವಾ?
ಗೇರು ಹಾಕಿ ಅಂದೆ,
ಹುಷಾರಾಗಿದ್ದೀನಿ.